ಹಾಜರಿಯ ಏಳನೆಯ ಹೆಸರು

ಅಡಿಲೇಡ್, ದಕ್ಷಿಣ ಆಸ್ಟ್ರೇಲಿಯಾ
3 ಜೂನ್ 2014

ಮಿಸ್ ಲೋರ್ನಾ ಹೆಗಾರ್ಟಿ, ನಿವೃತ್ತ ಶಿಕ್ಷಕಿ,
ಸ್ಟ್ಯಾನ್ಲಿ, ಟ್ಯಾಸ್ಮೇನಿಯಾ — ಇವರಿಗೆ

ಮಾನ್ಯರೇ,

ವಿಷಯ: ತಮ್ಮ ಕಂಠವನ್ನು ನಾಲ್ಕು ನಿಮಿಷದ ಮಟ್ಟಿಗೆ ದಯಪಾಲಿಸುವ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, 'ಹಳದಿ ಮುಚ್ಚಳ' ಎಂಬ ಹಿಪ್-ಹಾಪ್ ಜೋಡಿಯ ಗೌರವ ಕಾರ್ಯದರ್ಶಿಯಾದ ನಾನು ತಮ್ಮ ಘನ ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಘನ ಜೋಡಿಯಲ್ಲಿ ಇರುವುದೇ ಇಬ್ಬರು. ಆದ್ದರಿಂದ ಅಧ್ಯಕ್ಷ, ಉಪಾಧ್ಯಕ್ಷ, ಚಾಲಕ, ಕಾವಲುಗಾರ ಮುಂತಾದ ಹುದ್ದೆಗಳನ್ನು ಸರದಿಯ ಮೇಲೆ ನಿಭಾಯಿಸುತ್ತಿದ್ದೇವೆ. ನನ್ನ ಜೊತೆಗಾರ ಸೇಫಾ ಲೆಯೋಟಾ ತಾಳ ಕಟ್ಟುತ್ತಾನೆ, ನಾನು ಅದರ ಮೇಲೆ ಮಾತು ಹೊಸೆಯುತ್ತೇನೆ. ಖಾಲಿ ಬಾಟಲಿ ವಾಪಸು ಪಡೆಯುವ ಡಿಪೋದಲ್ಲಿ ಇಬ್ಬರೂ ಕೆಲಸಕ್ಕಿದ್ದಾಗ, ಗಾಜು ಗಾಜಿಗೆ ಬಡಿಯುವ ಸದ್ದಿನಲ್ಲಿ ನಮ್ಮ ಸಂಸ್ಥೆ ಉದಯಿಸಿತು. ಹಿಪ್-ಹಾಪ್ ಎಂದರೇನೆಂದು ತಮಗೆ ಸಂಶಯವಿದ್ದಲ್ಲಿ, ಸೇಫಾನ ತಾಯಿಯವರ ವ್ಯಾಖ್ಯಾನ ಹೀಗಿದೆ: "ಹಾಡೋಕೆ ಬರದೇ ಇರೋರು ತಾಳಕ್ಕೆ ಸರಿಯಾಗಿ ಜಗಳ ಆಡೋದು."

ಈಚೆಗೆ ನಮ್ಮ ಸಂಶೋಧನಾ ವಿಭಾಗವು ಒಂದು ಶೆಡ್ಡಿನಲ್ಲಿ, ಒಣಗಿದ ಬಣ್ಣದ ಡಬ್ಬಿಗಳ ಹಿಂದೆ, ಒಂದು ಕ್ಯಾಸೆಟ್ಟನ್ನು ಉತ್ಖನನ ಮಾಡಿತು. ಮೇಲೆ 'ಮೇ 1996, ಬೆಳಗಿನ ಪಾಠ' ಎಂದು ಬರೆದಿದೆ. ಅದರಲ್ಲಿ ತಾವು ರೇಡಿಯೋ ಶಾಲೆಯ ಹಾಜರಿ ಕರೆಯುತ್ತಿದ್ದೀರಿ. ಒಂದೊಂದು ಮಗು ಒಂದೊಂದು ಕುರಿ ಫಾರ್ಮಿನಲ್ಲಿ, ಪಕ್ಕದ ಮನೆ ಎಂದರೆ ನೂರು ಕಿಲೋಮೀಟರ್. ತಾವು ಹೆಸರು ಕರೆಯುತ್ತೀರಿ, ಅವರು ಗುಂಡಿ ಒತ್ತಿ "ಗುಡ್ ಮಾರ್ನಿಂಗ್ ಮಿಸ್ ಹೆಗಾರ್ಟಿ" ಎಂದು, ಮಾತು ಮುಗಿದ ಗುರುತಿಗೆ "ಓವರ್" ಎನ್ನುತ್ತಾರೆ. ಕೊನೆಯಲ್ಲಿ ಒಂದು ಹೆಸರು ಗೊರಗೊರ ಸದ್ದಿನಲ್ಲಿ ಮುಳುಗಿಹೋಗಿದೆ. ಉತ್ತರವಿಲ್ಲ. ತಾವು "ನಾನು ಕಾಯ್ತೀನಿ" ಎನ್ನುತ್ತೀರಿ. ಹನ್ನೊಂದು ಸೆಕೆಂಡು ಬರೀ ಗೊರಗೊರ. ಆಮೇಲೆ 'ಟಕ್' ಎಂದು ಒಂದು ಸಣ್ಣ ಸದ್ದು. ತಾವು "ಸರಿ, ಕೇಳಿಸ್ತು. ಮುಂದಿನವರು" ಎನ್ನುತ್ತೀರಿ. ಮುಂದೆ ಯಾರೂ ಇಲ್ಲ. ಟೇಪು ಮುಗಿಯುತ್ತದೆ.

ಆ ಹನ್ನೊಂದು ಸೆಕೆಂಡಿನ ಸುತ್ತ ಸೇಫಾ ಒಂದು ತಾಳ ಕಟ್ಟಿದ್ದಾನೆ. 'ನಾನು ಕಾಯ್ತೀನಿ' ಎಂಬುದೇ ನಮ್ಮ ಹೊಸ ಹಾಡು. ಸೆಪ್ಟೆಂಬರ್ 5ರ ಶುಕ್ರವಾರ ರೇಡಿಯೋದಲ್ಲಿ ಮೊದಲ ಪ್ರಸಾರ. ಆದರೆ ತಮ್ಮ ಘನ ಕಂಠಕ್ಕೆ ತಮ್ಮ ಘನ ಸಹಿ ಇಲ್ಲದಿದ್ದರೆ ಹಾಡು ಹೊರಬರುವಂತಿಲ್ಲ ಎಂದು ಅದನ್ನು ಹೊರತರುವ ಪುಟ್ಟ ಕಂಪನಿ ಖಡಾಖಂಡಿತವಾಗಿ ತಿಳಿಸಿದೆ. ಆದ್ದರಿಂದ ಲಗತ್ತಿಸಿದ ಹಾಳೆಗೆ ಸಹಿ ಮಾಡಿ ಕಳುಹಿಸಬೇಕಾಗಿ, ಹಾಗೂ ಫೋನ್ ನಂಬರು ತಿಳಿಸಬೇಕಾಗಿ ವಿನಂತಿ.

ತಮ್ಮ ವಿಧೇಯ,
ಸರ್ ಗಲಾ
(ಇದು ವೇದಿಕೆಯ ಹೆಸರು. ಗುಲಾಬಿ ಎದೆಯ, ಬಾಯಿ ಜಾಸ್ತಿಯ, ಬುದ್ಧಿ ಕಮ್ಮಿಯ ಆ ಗಲಾ ಗಿಳಿಯನ್ನು ತಾವು ಬಲ್ಲಿರಿ.)

*

ಸ್ಟ್ಯಾನ್ಲಿ
12 ಜೂನ್ 2014

ಸರ್ ಗಲಾ ಅವರಿಗೆ,

ನಿಮ್ಮ ಪತ್ರ ತಲುಪಿತು. 'ಘನ' ಎಂಬ ಪದ ನಾಲ್ಕು ಸಲ ಬಂದಿದೆ. ಒಂದು ಸಾಕಿತ್ತು. ಸಹಿ ಇಲ್ಲದ ಹಾಳೆಯನ್ನು ಹಿಂದಿರುಗಿಸಿದ್ದೇನೆ.

ಕಂಠ ನನ್ನದು. ಅದನ್ನು ಕೊಡಲು ನನಗೆ ಅಡ್ಡಿಯಿಲ್ಲ. ಈಗ ಅದಕ್ಕೆ ಹೆಚ್ಚಿನ ಕೆಲಸವೂ ಇಲ್ಲ. ಆದರೆ ಹಾಜರಿ ನನ್ನದಲ್ಲ. ಇಪ್ಪತ್ತೆಂಟು ವರ್ಷ ದಿನಾ ಬೆಳಿಗ್ಗೆ ಹೆಸರು ಕರೆದಿದ್ದೇನೆ. ಮುಖ ನೋಡದೆ ಬರೀ ದನಿಯಿಂದ ಆ ಮಕ್ಕಳನ್ನು ಬಲ್ಲೆ. ಅವರು ಗುಂಡಿ ಒತ್ತಿ ಮಾತಾಡಿದ್ದು ನನ್ನ ಜೊತೆ, ನಿಮ್ಮ ತಾಳದ ಜೊತೆಗಲ್ಲ. ಆ ದಿನದ ಹಾಜರಿಯಲ್ಲಿ ಏಳು ಮಕ್ಕಳಿದ್ದರು. ಈಗ ದೊಡ್ಡವರಾಗಿದ್ದಾರೆ, ತಮ್ಮ ಮಾತು ತಾವೇ ಆಡಬಲ್ಲರು. ಏಳು ಜನರೂ ತಮ್ಮ ಕೈಯಾರೆ ಬರೆದ ಒಪ್ಪಿಗೆ ತನ್ನಿ, ನಾನು ಸಹಿ ಮಾಡುತ್ತೇನೆ. ಹೆಸರುಗಳ ಪಟ್ಟಿ ಕೊಡುವುದಿಲ್ಲ. ನಿಮ್ಮ ಬಳಿ ಟೇಪು ಇದೆಯಲ್ಲ.

ಫೋನ್ ಬೇಡ. ಬರೆಯಿರಿ.

ಲೋರ್ನಾ ಹೆಗಾರ್ಟಿ

*

ಅಡಿಲೇಡ್
21 ಜೂನ್ 2014

ಘನ (ಒಂದೇ ಸಲ) ಮಿಸ್ ಹೆಗಾರ್ಟಿ ಅವರಿಗೆ,

ತಮ್ಮ ಆದೇಶವನ್ನು ಸಂಸ್ಥೆಯ ತುರ್ತು ಸಭೆಯಲ್ಲಿ ಓದಲಾಯಿತು. ಸೇಫಾ ಟೈರಿನ ಅಂಗಡಿಯಿಂದ ಮಸಿ ಕೈಯಲ್ಲೇ ಬಂದು ಕೂತಿದ್ದ. ಸಭೆಯ ನಡಾವಳಿ ಈ ಕೆಳಗಿನಂತಿದೆ:

"ಲೇ ಗಲಾ, ಈಯಮ್ಮ ಸಾಮಾನ್ಯ ಅಲ್ಲ ಕಣೋ. ಕಾಗದ ಓದ್ತಿದ್ರೇನೇ ನಾನು ಮಾಡದೇ ಬಿಟ್ಟ ಹೋಂವರ್ಕೆಲ್ಲ ನೆನಪಾಗ್ತಿದೆ."

"ಹಾಡು ಬಿಟ್ಬಿಡೋಣ್ವಾ?"

"ತಲೆ ಕೆಟ್ಟಿದ್ಯಾ? ನಾವು ಮಾಡಿರೋದ್ರಲ್ಲಿ ಹಾಡು ಅಂತ ಇರೋದು ಅದೊಂದೇ. ಮಿಕ್ಕಿದ್ದೆಲ್ಲ ಬಾಟ್ಲಿ ಸದ್ದು. ಹೋಗು, ಸಹಿ ತಗೊಂಬಾ."

ಹೀಗೆ ಸಭೆ ಸರ್ವಾನುಮತದಿಂದ ಮುಗಿಯಿತು.

ಒಂದು ಸಣ್ಣ ಸ್ಪಷ್ಟೀಕರಣ. ಟೇಪಿನಲ್ಲಿ ಕೇಳಿಸುವುದು ಆರೇ ಹೆಸರು. ಏಳನೆಯದು ಮೊದಲೇ ಅರಿಕೆ ಮಾಡಿದಂತೆ ಗೊರಗೊರದಲ್ಲಿ ಮುಳುಗಿದೆ. ಕಾನೂನಿನ ದೃಷ್ಟಿಯಲ್ಲಿ ಮುಳುಗಿದ್ದು ಮುಳುಗಿದಂತೆ. ಆದ್ದರಿಂದ ಆರಕ್ಕೇ ಸಮಾಧಾನಪಟ್ಟುಕೊಳ್ಳಬೇಕಾಗಿ ಪ್ರಾರ್ಥನೆ. ಸೇಫಾನ ತಾಯಿ ಕರಿದ ಬಾಳೆಹಣ್ಣಿನ ಪಾನಿಕೇಕೆ ಉಂಡೆಗಳನ್ನು ಜೊತೆಗಿಟ್ಟಿದ್ದೇನೆ. ಇದು ಲಂಚವಲ್ಲ. ಲಂಚವಾಗಿದ್ದರೆ ಇಷ್ಟು ಗಟ್ಟಿ ಇರುತ್ತಿರಲಿಲ್ಲ.

ಫೋನಿನಲ್ಲಿ ಮಾತಾಡಿದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು ಎಂಬುದನ್ನು ಸವಿನಯವಾಗಿ ದಾಖಲಿಸುತ್ತಾ,

ಸರ್ ಗಲಾ

*

ಸ್ಟ್ಯಾನ್ಲಿ (ಪೋಸ್ಟ್‌ಕಾರ್ಡ್)
30 ಜೂನ್ 2014

ಏಳು.

ಉಂಡೆಗಳನ್ನು ಚಹಾದಲ್ಲಿ ಅದ್ದಿ ತಿಂದೆ. ಆ ತಾಯಿಗೆ ನನ್ನ ವಂದನೆ ತಿಳಿಸಿ.

ಲೋ. ಹೆ.

*

ಅಡಿಲೇಡ್
23 ಜುಲೈ 2014

ಮಾನ್ಯ ಮಿಸ್ ಹೆಗಾರ್ಟಿ ಅವರಿಗೆ,

ವಿಷಯ: ಒಪ್ಪಿಗೆ ಸಂಗ್ರಹಣಾ ದಂಡಯಾತ್ರೆಯ ವರದಿ. ಲಗತ್ತು: ಆರು.

ತಡವಾದುದಕ್ಕೆ ಕ್ಷಮೆ ಇರಲಿ. ತಮ್ಮ ಮಕ್ಕಳು ಭೂಮಿಯ ಮೇಲೆ ಹೀಗೆ ಚೆಲ್ಲಾಡಿಹೋಗಿರುವುದು ನಮ್ಮ ತಪ್ಪಲ್ಲ.

ಮೊದಲು ಮಾರ್ನಿ ಕ್ವಿಲ್. ಈಗ ಮೂರು ಗಾಡಿ ಪೋಣಿಸಿದ ರೋಡ್ ಟ್ರೇನ್ ಓಡಿಸುತ್ತಾಳೆ, ಡಾರ್ವಿನ್ನಿನವರೆಗೆ. ನಮ್ಮ ಪ್ರತಿನಿಧಿ ಫೋನ್ ಮಾಡಿದ. ಅವಳು ಎತ್ತಿದಳು. ಇಬ್ಬರೂ ಸುಮ್ಮನೆ. ಗುಂಡಿ ಒತ್ತಿದ ಕೂಡಲೇ ಮಾತಾಡಿದರೆ ಮೊದಲ ಪದ ಗಾಳಿಗೆ ಹೋಗುತ್ತದೆಂದು ಅರ್ಧ ಸೆಕೆಂಡು ಕಾಯುವ ರೇಡಿಯೋ ಶಾಲೆಯ ಚಾಳಿ ಅವಳಿಗೆ ಇನ್ನೂ ಇದೆ. ಅವಳು ಇವನು ಶುರುಮಾಡಲಿ ಎಂದು, ಇವನು ಅವಳೇ ಶುರುಮಾಡಲಿ ಎಂದು ಕಾದು ಕಾದು, ಕೊನೆಗೆ ಇಬ್ಬರೂ ಒಟ್ಟಿಗೆ "ಹಲೋ" ಅಂದು ಮತ್ತೆ ಇಬ್ಬರೂ ಸುಮ್ಮನಾದರು. ವಿಷಯ ಕೇಳಿ ಮಾರ್ನಿ ಗಾಡಿಯನ್ನು ಪಕ್ಕಕ್ಕೆ ಹಾಕಿದಳು.

"ಮಿಸ್ ಇನ್ನೂ ಇದ್ದಾರಾ? ಅಯ್ಯೋ ದೇವ್ರೇ. ಹಾಕ್ಕೋ ಹಾಕ್ಕೋ, ನನ್ನ ದನಿ ಎಷ್ಟು ಬೇಕೋ ಅಷ್ಟು ಹಾಕ್ಕೋ. ನನಗೆ ಮಗ್ಗಿ ಕಲಿಸಿದ್ದು ಅವ್ರು ಗುರು. ಈಗ್ಲೂ ಹನ್ನೆರಡ್ ಏಳ್ಲಿ ಹೇಳ್ಬೇಕಾದ್ರೆ ಕೊನೇಲಿ ಓವರ್ ಅಂತೀನಿ."

ಮತ್ತೂ ಏನೋ ಹೇಳಿದಳು. ಅದು ಈ ಕಡತಕ್ಕೆ ಸಂಬಂಧಿಸಿದ್ದಲ್ಲ. ಅವಳ ಒಪ್ಪಿಗೆ ಡೀಸೆಲ್ ರಸೀತಿಯ ಹಿಂಬದಿಯಲ್ಲಿದೆ.

ಆಸ್ಟ್ಲರ್ ಅವಳಿಗಳಾದ ಡೂಗಲ್ ಮತ್ತು ಕೀರ್, ಹೆಲಿಕಾಪ್ಟರಿನಲ್ಲಿ ದನ ಅಟ್ಟುತ್ತಾರೆ. ಇಬ್ಬರೂ ಒಂದೇ ಹಾಳೆಯಲ್ಲಿ ಬರೆದಿದ್ದಾರೆ. ಟೇಪಿನಲ್ಲಿ ಮೊದಲು ಮಾತಾಡಿದ್ದು ತಾನೇ ಎಂದು ಇಬ್ಬರೂ ಪ್ರಮಾಣ ಮಾಡಿದ್ದಾರೆ. ಟ್ಯಾಮ್ಸಿನ್ ಈಗ ನರ್ಸ್. "ನಮ್ಮಮ್ಮ ತೀರ್ಕೊಂಡ ವಾರ ಮಿಸ್ ಪಾಠಾನೇ ಮಾಡ್ಲಿಲ್ಲ, ದಿನಾ ಅರ್ಧ ಗಂಟೆ ಎಲ್ರ ಕೈಲೂ ನಂಗೆ ಜೋಕ್ ಹೇಳಿಸಿದ್ರು" ಎಂದಳು. ಇದು ತಮಗೆ ನೆನಪಿದೆಯೋ ಇಲ್ಲವೋ, ಅವಳಿಗೆ ಆ ಜೋಕುಗಳೆಲ್ಲ ಬಾಯಿಪಾಠ ಬರುತ್ತವೆ. ಹೈನ್ರಿಕ್ ಅಣ್ಣ ತಂಗಿ ದ್ರಾಕ್ಷಿ ತೋಟದಲ್ಲಿದ್ದಾರೆ. ಒಪ್ಪಿಗೆಯ ಜೊತೆ ಒಂದು ಬಾಟಲಿ ಕಳಿಸಿದ್ದರು. ಬಾಟಲಿಯು ತನಿಖೆಯ ಹಂತದಲ್ಲಿ ಖಾಲಿಯಾಯಿತು.

ಒಟ್ಟು ಆರು. ಏಳನೆಯವನ ವಿಚಾರ: ಎಷ್ಟು ಹುಡುಕಿದರೂ ಪತ್ತೆಯಿಲ್ಲ. ಯಾರೋ ಮಹತ್ವವಿಲ್ಲದ ವ್ಯಕ್ತಿ ಎಂದು ಸಂಸ್ಥೆಯ ಅಭಿಪ್ರಾಯ. ಟೇಪಿನಲ್ಲಿ ಅವನ ಮಾತೇ ಇಲ್ಲ, ಬರೀ 'ಟಕ್'. ಗುಂಡಿಯ ಸದ್ದಿಗೆ ಯಾರ ಒಪ್ಪಿಗೆ ಕೇಳುವುದು? ಗುಂಡಿಯದ್ದೇ?

ಇನ್ನು ಆರು ವಾರವಷ್ಟೇ ಉಳಿದಿದೆ. ದಯಮಾಡಿ ಸಹಿ ಮಾಡಿ.

ಸರ್ ಗಲಾ

*

ಸ್ಟ್ಯಾನ್ಲಿ
31 ಜುಲೈ 2014

ಸರ್ ಗಲಾ ಅವರಿಗೆ,

ಆರು ಪತ್ರಗಳನ್ನೂ ಓದಿದೆ. ಮೇಜಿನ ಮೇಲೆ ಸಾಲಾಗಿ ಹರಡಿ ಇನ್ನೊಮ್ಮೆ ಓದಿದೆ. ಇದಕ್ಕಾಗಿ ನಿಮಗೆ ನಾನು ಋಣಿ. ಇದನ್ನು ಹೇಳಿದ ಮೇಲೆ ಮುಂದಿನದನ್ನೂ ಹೇಳಬೇಕು.

'ಮಹತ್ವವಿಲ್ಲದ ವ್ಯಕ್ತಿ' ಎಂದು ಬರೆದಿದ್ದೀರಿ. ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ.

ಆ ಹುಡುಗ 1996ರ ಫೆಬ್ರವರಿಯಲ್ಲಿ ಸೇರಿದ. ಏಳು ವರ್ಷ. ಮಾತು ತಡೆಯುತ್ತಿತ್ತು. ಮೊದಲ ದಿನ ಗುಂಡಿ ಒತ್ತಿ ತನ್ನ ಹೆಸರು ಹೇಳಲು ಹೋದ. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡ. ಯಾರೋ ನಕ್ಕರು. ಊರಿನ ಶಾಲೆಯಲ್ಲಿ ನಕ್ಕರೆ ಒಂದು ಕೋಣೆಗೆ ಕೇಳಿಸುತ್ತದೆ. ನಮ್ಮ ಶಾಲೆಯಲ್ಲಿ ನಕ್ಕರೆ ರಾಜ್ಯದ ಅರ್ಧಕ್ಕೆ ಕೇಳಿಸುತ್ತದೆ. ಆಮೇಲೆ ಅವನು ಗುಂಡಿ ಮುಟ್ಟಲಿಲ್ಲ.

ನಾನು ದಿನಾ ಅವನ ಹೆಸರು ಕರೆದೆ. ದಿನಾ ಹನ್ನೊಂದು ಸೆಕೆಂಡು ಕಾದೆ. ಗೋಡೆ ಗಡಿಯಾರ ಎದುರಿಗೇ ಇತ್ತು. ಒಮ್ಮೆ ಮೇಲಿನ ಕಚೇರಿಯಿಂದ ಬಂದಿದ್ದ ಒಬ್ಬರು "ಅವನನ್ನ ಬಿಟ್ಟು ಮುಂದೆ ಹೋಗಿ ಮೇಡಂ, ರೇಡಿಯೋ ಸಮಯ ಹಾಳು" ಎಂದರು. ಅವರಿಗೆ ಚಹಾ ಕೊಟ್ಟು ಕಳಿಸಿದೆ. ಮೂರು ತಿಂಗಳು ಕಳೆಯಿತು. ನಂತರ ಮೇ ತಿಂಗಳಲ್ಲಿ ಒಂದು ದಿನ 'ಟಕ್' ಎಂದಿತು.

ನಿಮ್ಮ ಟೇಪಿನಲ್ಲಿರುವುದು ಅದೇ ದಿನ. ಆಕಸ್ಮಿಕವಾಗಿ ಒತ್ತಿದ ಗುಂಡಿಯಲ್ಲ ಅದು. ಏಳು ವರ್ಷದ ಮಗು ತನ್ನ ಅಡುಗೆಮನೆಯಲ್ಲಿ ಕೂತು, ಇದ್ದಬದ್ದ ಧೈರ್ಯವನ್ನೆಲ್ಲ ಹೆಬ್ಬೆರಳಿಗೆ ತಂದು ಒತ್ತಿದ್ದು. ನಾನು ಹಾಜರಿ ಹಾಕಿದೆ. ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ಆ ಗೆರೆ ಸೊಟ್ಟಗಿದೆ, ಏಕೆಂದರೆ ಪುಸ್ತಕ ನೋಡದೆ, ರೇಡಿಯೋವನ್ನೇ ನೋಡುತ್ತಾ ಎಳೆದೆ.

ಗುಂಡಿಯದ್ದಲ್ಲ, ಅವನ ಒಪ್ಪಿಗೆ ಬೇಕು. ಅದಿಲ್ಲದೆ ಸಹಿ ಇಲ್ಲ. ಸೆಪ್ಟೆಂಬರ್ ಹೋದರೂ ಸರಿ.

ನಾನು ಕಾಯುತ್ತೇನೆ.

ಲೋರ್ನಾ ಹೆಗಾರ್ಟಿ

*

ಅಡಿಲೇಡ್
19 ಆಗಸ್ಟ್ 2014

ಮಿಸ್,

ಈ ಪತ್ರಕ್ಕೆ ವಿಷಯ, ಉಲ್ಲೇಖ, ಲಗತ್ತು ಏನೂ ಇಲ್ಲ. ಮೂರು ಸಲ ಬರೆದು ಹರಿದೆ. ಒಂದರಲ್ಲಿ ಕುರಿಗಳ ಪರವಾಗಿ ವಕಾಲತ್ತು ವಹಿಸಿದ್ದೆ. ಅದು ಚೆನ್ನಾಗಿಯೇ ಇತ್ತು, ಆದರೂ ಹರಿದೆ.

ಮಾರ್ನಿ ಮತ್ತೇನೋ ಹೇಳಿದಳು ಎಂದಿದ್ದೆನಲ್ಲ, ಅದು ಇದು: "ಪ್ರತಿನಿಧಿಯಂತೆ ಪ್ರತಿನಿಧಿ! ಆ ಅರ್ಧ ಸೆಕೆಂಡ್ ಸುಮ್ನಿದ್ದಾಗ್ಲೇ ಗೊತ್ತಾಯ್ತು ನೀನೇ ಅಂತ. ಊರೋರ ಸಹಿಯೆಲ್ಲ ಕೇಳ್ಕೊಂಡ್ ಓಡಾಡ್ತಿದ್ದೀಯಲ್ಲ, ನಿಂದ್ಯಾವಾಗ ಹಾಕ್ತೀಯಾ?" ಆಮೇಲೆ ಹೇಳಿದಳು: "ಅವತ್ತು ನಕ್ಕಿದ್ದು ನಾನು ಕಣೋ. ಹದಿನೆಂಟು ವರ್ಷ ಆಯ್ತು. ಸಾರಿ." ನಾನು ಪರವಾಗಿಲ್ಲ ಅಂದೆ. ನಿಜವಾಗಿಯೂ ಪರವಾಗಿಲ್ಲ ಮಿಸ್.

ಆ ಹೆಸರು ಗೊರಗೊರದಲ್ಲಿ ಮುಳುಗಿಲ್ಲ. ಸ್ಪಷ್ಟವಾಗಿ ಕೇಳಿಸುತ್ತದೆ. ಸುಳ್ಳು ಹೇಳಿದೆ. ಕ್ಯಾಸೆಟ್ ಸಿಕ್ಕಿದ್ದು ನಮ್ಮಮ್ಮನ ಶೆಡ್ಡಿನಲ್ಲಿ. ನನಗೆ ಮಾತೇ ಬರುವುದಿಲ್ಲವೇನೋ ಎಂದು ಪಟ್ಟಣದ ಡಾಕ್ಟರು ಒಂದು ಬೆಳಗಿನ ಪಾಠವನ್ನು ರೆಕಾರ್ಡ್ ಮಾಡಿ ತರಲು ಹೇಳಿದ್ದರಂತೆ. ಅಮ್ಮ ಮಾಡಿದಳು. ಅವತ್ತೇ ನಾನು ಗುಂಡಿ ಒತ್ತಿದೆ. ಅಮ್ಮ ಆ ಟೇಪನ್ನು ಡಾಕ್ಟರಿಗೆ ಕೊಡಲೇ ಇಲ್ಲ. "ಏನಕ್ಕೆ ಕೊಡ್ಬೇಕು? ಅದ್ರಲ್ಲಿ ನೀನು ಉತ್ತರ ಕೊಟ್ಟಿದ್ದೀಯಲ್ಲ" ಎನ್ನುತ್ತಾಳೆ.

ಹೆಸರು ಯಾಕೆ ಮುಚ್ಚಿಟ್ಟೆ ಎಂದರೆ, ಇವತ್ತಿಗೂ ನನಗೆ ತಡೆಯುವುದು ಆ ಒಂದು ಪದ ಮಾತ್ರ. ನಾಲ್ಕು ನಿಮಿಷ ಉಸಿರು ಬಿಡದೆ ರ‍್ಯಾಪ್ ಹೇಳುತ್ತೇನೆ, ಒಂದಕ್ಷರ ಎಡವುವುದಿಲ್ಲ. ತಾಳ ಹಿಡಿದರೆ ಮಾತು ಬರುತ್ತದೆ. ಬ್ಯಾಂಕಿನಲ್ಲಿ "ನಿಮ್ಮ ಹೆಸರು?" ಎಂದರೆ ಕಾರ್ಡು ತೆಗೆದು ತೋರಿಸುತ್ತೇನೆ. ಸರ್ ಗಲಾ ಹುಟ್ಟಿದ್ದು ಹಾಗೆ. ಪ್ರತಿ ಸಾಲಿನ ಮುಂದೆಯೂ ನಾನು ಅರ್ಧ ಸೆಕೆಂಡು ತಡ ಎಂದು ಸೇಫಾ ಮೊದಲೆಲ್ಲ ಬೈಯುತ್ತಿದ್ದ. ಈಗ ಅದೇ ನಮ್ಮ ಶೈಲಿ ಎಂದು ಜನ ಹೊಗಳುತ್ತಾರೆ. ಅದು ಶೈಲಿಯಲ್ಲ ಮಿಸ್, ಗುಂಡಿ ಒತ್ತಿ ಕಾಯುವುದು.

ಗುಂಡಿ ಒತ್ತಿದ ದಿನ ನೀವು ಬೇರೆ ಏನೂ ಹೇಳಲಿಲ್ಲ. ಭೇಷ್ ಅನ್ನಲಿಲ್ಲ, ಇನ್ನೊಮ್ಮೆ ಪ್ರಯತ್ನ ಮಾಡು ಅನ್ನಲಿಲ್ಲ. "ಸರಿ, ಕೇಳಿಸ್ತು. ಮುಂದಿನವರು." ಅಷ್ಟೇ. ಎಲ್ಲರಿಗೂ ಹೇಳುವ ಹಾಗೆಯೇ. ಅದಕ್ಕಾಗಿ ಥ್ಯಾಂಕ್ಸ್ ಹೇಳಬೇಕೆಂದು ಈ ಹಾಡು ಮಾಡಿದೆ. ಮಾಡಿದ ಮೇಲೆ ಥ್ಯಾಂಕ್ಸ್ ಹೇಳುವುದಕ್ಕೆ ಹೆಸರು ಬೇಕು ಎಂದು ಹೊಳೆಯಿತು.

ನನ್ನ ದನಿಯನ್ನು, ಅಂದರೆ ನನ್ನ 'ಟಕ್' ಅನ್ನು, ಬಳಸಿಕೊಳ್ಳಲು ನನ್ನ ಒಪ್ಪಿಗೆ ಇದೆ.

ಬ್ರೈಸ್ ಹ್ಯಾಲಿಗನ್, ಬಿಟರ್ ವೆಲ್ ಫಾರ್ಮ್.
ಹಾಜರ್, ಮಿಸ್. ಓವರ್.

*

ಸ್ಟ್ಯಾನ್ಲಿ
26 ಆಗಸ್ಟ್ 2014

ಪ್ರೀತಿಯ ಬ್ರೈಸ್,

ಸಹಿ ಮಾಡಿದ ಹಾಳೆ ಇದರೊಳಗಿದೆ.

ನಿನ್ನ ಮೊದಲ ಪತ್ರದ ಮೊದಲ ಸಾಲಿನಲ್ಲೇ ನನಗೆ ಗೊತ್ತಾಯಿತು. ಇಪ್ಪತ್ತೆಂಟು ವರ್ಷದಲ್ಲಿ ನನಗೆ ಹಾಗೆ ಬರೆದ ಮಗು ಒಂದೇ. ಬಾಯಲ್ಲಿ ಆಡಲಾಗದ್ದನ್ನೆಲ್ಲ ನೀನು ಪಾಠದ ಲಕೋಟೆಯಲ್ಲಿ ತುಂಬಿ ಕಳಿಸುತ್ತಿದ್ದೆ. ಎರಡನೆಯ ತರಗತಿಯ ನಿನ್ನ ರಜೆ ಅರ್ಜಿ ನನ್ನ ಡ್ರಾಯರಿನಲ್ಲಿದೆ: 'ಮಾನ್ಯ ಮಿಸ್ ಅವರಿಗೆ, ಬಿಟರ್ ವೆಲ್ ಫಾರ್ಮಿನ ಸಮಸ್ತ ಕುರಿಗಳ ಪರವಾಗಿ ಸಹಿ ಮಾಡಿದವನ ಬಿನ್ನಹ.' ಕೆಳಗೆ ನಾಯಿಯ ಹೆಜ್ಜೆಗುರುತು, ಸಾಕ್ಷಿ ಎಂದು. ಅದರ ಪಕ್ಕ ಒಂದು ಗುಲಾಬಿ ಗಿಳಿಯ ಚಿತ್ರ. ಸರ್ ಗಲಾ ಎಂದು ಸಹಿ ಮಾಡಿ ನನ್ನಿಂದ ಬಚ್ಚಿಟ್ಟುಕೊಳ್ಳಲು ನೋಡಿದೆಯಲ್ಲ, ದಡ್ಡ.

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ನೀನು ಕೇಳಬಹುದು. ನಿನ್ನ ಪರವಾಗಿ ಉತ್ತರ ಕೊಡುವುದು ನನ್ನ ಪದ್ಧತಿಯಲ್ಲ.

ಷರತ್ತು ಏನೂ ಇಲ್ಲ. ಹಾಜರಿ ಪುಸ್ತಕದಲ್ಲಿ ಆ ದಿನ ನಿನ್ನ ಹೆಸರಿನ ಮುಂದೆ ಗೆರೆ ಇದೆ, ಮಾತು ಇಲ್ಲ. ಎಂದಾದರೂ ಅದನ್ನು ತುಂಬಿಸಬೇಕು ಅನಿಸಿದರೆ ತುಂಬಿಸು. ಅನಿಸದಿದ್ದರೆ ಗೆರೆಯೇ ಸಾಕು.

ಹಾಡನ್ನು ಡಿಸ್ಕಿನಲ್ಲಿ ಹಾಕಿ ಕಳಿಸು.

ನಿನ್ನ,
ಮಿಸ್ ಹೆಗಾರ್ಟಿ

*

ಅಡಿಲೇಡ್
8 ಸೆಪ್ಟೆಂಬರ್ 2014

ಪ್ರೀತಿಯ ಮಿಸ್,

ವಿಷಯ: ವಿಜಯೋತ್ಸವ. (ಕ್ಷಮಿಸಿ, ಹಳೆಯ ಚಾಳಿ.)

ನಿಮ್ಮ ಕಾಗದ ಸೋಮವಾರ ಬಂತು, ಹಾಡು ಶುಕ್ರವಾರ ಹೋಗಬೇಕು. ನಾನು ಸೇಫಾನಿಗೆ ಹೇಳಿದೆ, ಟಕ್ ಆದಮೇಲೆ ನನ್ನ ಹೆಸರು ಸೇರಿಸಬೇಕು ಎಂದು. ಅವನು ಮೈಕು ಹಾಕಿದ. ಮಂಗಳವಾರ ಸಂಜೆಯೆಲ್ಲ ಹೇಳಿದೆ. ನಲವತ್ತೊಂದು ಸಲ. ಒಂದರಲ್ಲೂ ಸಲೀಸಾಗಿ ಬರಲಿಲ್ಲ. ಸೇಫಾನ ತಾಯಿ ಎರಡು ಸಲ ಊಟಕ್ಕೆ ಕರೆದು, ಮೂರನೆಯ ಸಲ ತಟ್ಟೆಯನ್ನೇ ತಂದು ನನ್ನ ತೊಡೆಯ ಮೇಲಿಟ್ಟರು. "ತಿನ್ನಪ್ಪ ಮೊದ್ಲು. ಹೆಸ್ರು ಎಲ್ಲಿಗೂ ಓಡಿ ಹೋಗಲ್ಲ." ಕೊನೆಗೆ ನಾನು ಹೇಳಿದೆ:

"ಬಿಡೋ ಸೇಫಾ, ತಾಳದ ಮೇಲೆ ಹೇಳ್ತೀನಿ. ಆವಾಗ ಬರುತ್ತೆ."

"ಬೇಡ."

"ಮತ್ತೆ? ಇದ್ರಲ್ಲಿ ಯಾವ್ದೂ ನೆಟ್ಟಗಿಲ್ವಲ್ಲೋ."

"ಮೊದಲ್ನೇದೇ ಇಡ್ತೀನಿ. ತಡೆದು ತಡೆದು ಬಂತಲ್ಲ, ಅದೇ. ಗುರು, ಅದಕ್ಕಿಂತ ಒಳ್ಳೇ ಡ್ರಮ್ಮು ನಾನು ಇವತ್ತಿನವರೆಗೆ ಬಾರಿಸಿಲ್ಲ."

ಹಾಗೆಯೇ ಇಟ್ಟೆವು. ಶುಕ್ರವಾರ ಮಧ್ಯಾಹ್ನ ರೇಡಿಯೋದಲ್ಲಿ ಬಂತು. ನಾವು ಬಾಟಲಿ ಡಿಪೋದಲ್ಲಿ ಕೇಳಿದೆವು. ಆ ನಾಲ್ಕು ನಿಮಿಷ ನಮ್ಮ ಹಳೆಯ ಮೇಲ್ವಿಚಾರಕ ಕನ್ವೇಯರ್ ನಿಲ್ಲಿಸಿದ್ದ. ಹನ್ನೊಂದು ಸೆಕೆಂಡು ಬಂದಾಗ ಯಾರೂ ಒಂದು ಬಾಟಲಿಯನ್ನೂ ಅಲ್ಲಾಡಿಸಲಿಲ್ಲ. ಮಾರ್ನಿ, ಕ್ಯಾಥರೀನ್ ಎಂಬ ಊರಿನ ಹತ್ತಿರ ಗಾಡಿಯಲ್ಲಿ ಕೇಳಿ, ಎರಡು ಗಂಟೆ ಬಿಟ್ಟು ಫೋನ್ ಮಾಡಿದಳು. ಅರ್ಧ ಸೆಕೆಂಡು ಸುಮ್ಮನಿದ್ದಳು. ಆಮೇಲೂ ಸುಮ್ಮನೇ ಇದ್ದಳು. "ಓವರ್" ಎಂದು ಇಟ್ಟುಬಿಟ್ಟಳು.

ಡಿಸ್ಕು ಇದರ ಜೊತೆಗಿದೆ. ನಿಮಗೆ ಹೇಗನಿಸಿತು ಎಂದು ಬರೆಯಿರಿ. ಅದೊಂದು ಗೊತ್ತಾದರೆ ಸಾಕು.

ಬ್ರೈಸ್

*

ಸ್ಟ್ಯಾನ್ಲಿ (ಪೋಸ್ಟ್‌ಕಾರ್ಡ್)
15 ಸೆಪ್ಟೆಂಬರ್ 2014

ಬ್ರೈಸ್, ಡಿಸ್ಕು ಜೋಪಾನವಾಗಿ ತಲುಪಿತು. ಹೊದಿಕೆಯ ಮೇಲಿನ ಗಿಳಿ ಅಂದವಾಗಿದೆ. ಇಲ್ಲಿ ಗಾಳಿ ಜೋರು.

ಮಿಸ್ ಹೆ.

*

ಅಡಿಲೇಡ್
23 ಸೆಪ್ಟೆಂಬರ್ 2014

ಪ್ರೀತಿಯ ಮಿಸ್,

ಪೋಸ್ಟ್‌ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ಓದಲು ಸಂಸ್ಥೆಯು ಏಕಸದಸ್ಯ ಆಯೋಗವನ್ನು ನೇಮಿಸಿತು. ಆಯೋಗದ ವರದಿ: ಗಿಳಿ ಇಷ್ಟವಾಗಿದೆ, ಗಾಳಿ ಜೋರಿದೆ, ಹಾಡು ಇಷ್ಟವಾಗಿಲ್ಲ. "ಹಾಡಿನ ಬಗ್ಗೆ ಏನೂ ಬರ್ದಿಲ್ಲ ಅಂದ್ರೆ ಕೆಟ್ಟದಾಗಿದೆ ಅಂತ ತಾನೇ? ಮೇಷ್ಟ್ರುಗಳು ಹಾಗೇ" ಎಂದು ಸೇಫಾ ಭಿನ್ನಮತವಿಲ್ಲದೆ ಒಪ್ಪಿದ.

ಸದ್ದು ಜಾಸ್ತಿಯಾಯಿತೇ? ಬೈಗುಳ ಎರಡೇ ಇವೆ, ಎರಡೂ ಕುರಿಗೆ. ಇಷ್ಟವಾಗದಿದ್ದರೂ ಪರವಾಗಿಲ್ಲ, ಕೆಂಪು ಗೆರೆ ಎಳೆದು ಕಳಿಸಿ. ನಿಮ್ಮ ಕೆಂಪು ಗೆರೆ ನನಗೆ ಹೊಸದೇ? ಸುಮ್ಮನಿರಬೇಡಿ ಅಷ್ಟೇ.

ನೀವು ಬರೆಯುವವರೆಗೆ ನಾನು ಕಾಯುತ್ತೇನೆ. ಈ ಸಲ ನನ್ನ ಸರದಿ.

ಬ್ರೈಸ್

*

ಸ್ಟ್ಯಾನ್ಲಿ
3 ಅಕ್ಟೋಬರ್ 2014

ಪ್ರೀತಿಯ ಬ್ರೈಸ್,

ನಿನ್ನನ್ನು ಹೆಸರು ಹೇಳು ಎಂದು ಹಟಹಿಡಿದು ಕೂರಿಸಿ, ನಾನೇ ಒಂದು ಮಾತು ಬಚ್ಚಿಟ್ಟಿದ್ದೇನೆ. ಇದು ತಪ್ಪು.

ನನಗೆ ಕಿವಿ ಕೇಳಿಸುವುದಿಲ್ಲ. ಇಪ್ಪತ್ತೆಂಟು ವರ್ಷ ಆ ಗೊರಗೊರವನ್ನು ಕಿವಿಗೆ ಕಟ್ಟಿಕೊಂಡು ಕೂತಿದ್ದರ ಫಲ. ಬೇಸರವಿಲ್ಲ, ಅದರೊಳಗಿಂದಲೇ ನೀವೆಲ್ಲ ಸಿಕ್ಕಿದಿರಿ. ಫೋನ್ ಬೇಡ ಎಂದದ್ದು ಗತ್ತಿನಿಂದಲ್ಲ. ಮಾತು ಕೇಳಿಸುವುದು ಪೂರ್ತಿ ನಿಂತು ನಾಲ್ಕು ವರ್ಷವಾಯಿತು. ನಿನ್ನ ಡಿಸ್ಕು ಬಂದ ದಿನ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. 'ಕೇಳಿದೆ, ಚೆನ್ನಾಗಿದೆ' ಎಂದು ಬರೆಯಬಹುದಿತ್ತು. ನಿನಗೆ ನಾನು ಒಮ್ಮೆಯೂ ಸುಳ್ಳು ಹಾಜರಿ ಹಾಕಿದವಳಲ್ಲ. ಅದಕ್ಕೆ ಗಿಳಿಯ ಬಗ್ಗೆ ಬರೆದೆ.

ನಿನ್ನ ಕಾಗದ ಬಂದ ಮೇಲೆ ಪಕ್ಕದ ಮನೆಯ ಹೆಕ್ಟರನನ್ನು ಕರೆದೆ. ಸಿಗಡಿ ದೋಣಿಯವನು, ಅವನ ಟ್ರಕ್ಕಿನಲ್ಲಿ ದೊಡ್ಡ ಸ್ಪೀಕರುಗಳಿವೆ. ಅವನು ಬಾಗಿಲು ತೆಗೆದು, ಡಿಸ್ಕು ಹಾಕಿ, ನನ್ನ ಅಂಗೈಯನ್ನು ಸ್ಪೀಕರಿನ ಮೇಲಿಟ್ಟ.

ತಾಳ ಬಂತು. ದೊಡ್ಡ ಪ್ರಾಣಿಯೊಂದರ ಎದೆ ಮುಟ್ಟಿದ ಹಾಗಿತ್ತು, ಸೇಫಾನಿಗೆ ತಿಳಿಸು. ನಿನ್ನ ಸಾಲುಗಳು ಕೈಗೆ ಜುಮು ಜುಮು ಎಂದವು, ಮಾತು ತಿಳಿಯಲಿಲ್ಲ. ಕುರಿಗೆ ಬೈದದ್ದು ಯಾವುದೋ ಗೊತ್ತಾಗಲಿಲ್ಲ. ಆಮೇಲೆ ಎಲ್ಲ ನಿಂತಿತು. ನಾನು ಎಣಿಸಿದೆ. ಹನ್ನೊಂದು.

ಟಕ್.

ಅಲ್ಲಿಗೆ ಮುಗಿಯಿತು ಎಂದುಕೊಂಡು ಕೈ ತೆಗೆಯಲು ಹೋದೆ. ಹೆಕ್ಟರ್ ನನ್ನ ಮಣಿಕಟ್ಟು ಹಿಡಿದು, ನನಗೆ ತುಟಿ ಕಾಣುವಂತೆ ನಿಧಾನವಾಗಿ ಹೇಳಿದ: "ತಾಳು ಲೋರ್ನಾ, ಹುಡ್ಗ ಏನೋ ಹೇಳೋಕ್ ಹೋಗ್ತಿದಾನೆ."

ಅಂಗೈಗೆ ಒಂದು ಸಣ್ಣ ಪೆಟ್ಟು ಬಿತ್ತು. ಮತ್ತೊಂದು. ಮೂರನೆಯದು. ಉಳಿದ ಮಾತೆಲ್ಲ ನನ್ನ ಕೈಗೆ ಬರೀ ನಡುಕ; ನೀನು ತಡೆದ ಆ ಅಕ್ಷರ ಮಾತ್ರ ಒಂದೊಂದೇ ಬಂದು ಬಾಗಿಲು ತಟ್ಟಿತು. ಸಲೀಸಾಗಿ ಹೇಳಿದ್ದರೆ ಅದೂ ನಡುಕದಲ್ಲೇ ಹೋಗಿಬಿಡುತ್ತಿತ್ತು. ಹೆಕ್ಟರ್ ನನ್ನ ಮುಖ ನೋಡಿ ಇನ್ನೊಂದು ಸಲ ಹಾಕಿದ. ಆಮೇಲೆ ನಾನೇ ಕೇಳಿ ಇನ್ನೂ ಮೂರು ಸಲ ಹಾಕಿಸಿದೆ. ಅವನ ಟ್ರಕ್ಕಿನ ಬ್ಯಾಟರಿ ಖಾಲಿಯಾಗಿದೆ; ಅದರ ಜವಾಬ್ದಾರಿ ನಿನ್ನ ಸಂಸ್ಥೆಯದ್ದು.

ಒಳಗೆ ಬಂದು ಹಾಜರಿ ಪುಸ್ತಕ ತೆಗೆದೆ. ಆ ಸೊಟ್ಟ ಗೆರೆಯ ಪಕ್ಕ ಇವತ್ತಿನ ತಾರೀಖು ಹಾಕಿದೆ.

ಸರಿ, ಕೇಳಿಸ್ತು. ಮುಂದಿನವರು.

ಮಿಸ್ ಹೆಗಾರ್ಟಿ